ಜಂಬಕ್ಕನ ಲೈಸೆನ್ಸು

ಹೆಂಡತಿ ತವರಿಗೆ ಹೋದದ್ದು ದೊಡ್ಡದಲ್ಲ, ಲೈಸೆನ್ಸೂ ಅವಳ ಹಿಂದೆಯೇ ಹೋಯಿತಲ್ಲ ಎಂಬುದೇ ತನ್ನ ದುಃಖವೆಂದು ಕೊಟ್ಟೂರಿನ ಓಬಳೇಶಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. (ಯಾರೂ ನಂಬಲಿಲ್ಲ.) ಸರ್ಕಾರಿ ಗುಮಾಸ್ತನಾದ ಅವನು ಗುತ್ತಿಗೆ ಹಿಡಿಯುವಂತಿರಲಿಲ್ಲ. ಹಾಗಾಗಿ ನಾಲ್ಕನೇ ದರ್ಜೆಯ ಗುತ್ತಿಗೆದಾರರ ಲೈಸೆನ್ಸು ಹೆಂಡತಿ ಜಂಬಕ್ಕನ ಹೆಸರಿನಲ್ಲಿತ್ತು. ಗತ್ತು ಮಾತ್ರ ಇವನದು. ಒಂದು ದಿನ ಚಿಗಟೇರಿಯ ಕಾಂಪೌಂಡು ಕೆಲಸ ನೋಡಲು ಹೋದ ಗುತ್ತಿಗೆದಾರಿಣಿ, ಗೋಡೆಯನ್ನು ಉಗುರಿನಿಂದ ಕೆರೆದು, "ಉಸುಕು ಉದುರಾಕತ್ತೈತಿ, ಕೆಡವ್ರಿ" ಎಂದಳು. ಓಬಳೇಶಪ್ಪ ಕೂಲಿಯವರೆದುರೇ, "ಮನಿಗೆ ನಡಿ, ರೊಟ್ಟಿ ಬಡಿ" ಎಂದು ಗದರಿದ. ಅವಳು ನಡೆದಳು, ಆದರೆ ತೆಲಿಗಿಯ ತವರಿಗೆ.

ಆಮೇಲೆ ಮನೆ ಎಷ್ಟು ದೊಡ್ಡದಾಯಿತೆಂದರೆ, ಅಡುಗೆಮನೆಯಲ್ಲಿ ಕೆಮ್ಮಿದರೆ ಪಡಸಾಲೆ ಉತ್ತರ ಕೊಡುತ್ತಿತ್ತು. ಸ್ಟೋವಿನ ಜೊತೆ ಜಗಳ ತೆಗೆದ. ಅದು ಎದುರುತ್ತರ ಕೊಡದೆ ಆರಿಹೋಯಿತು. ಎಸ್‌ಟಿಡಿ ಬೂತಿನ ಬಾಗಿಲವರೆಗೆ ಹೋಗಿ ಹಿಂದಿರುಗಿದ. ಕರೆಯಲು ಹೋಗೋಣವೆಂದರೆ ಗಂಡಸಿನ ಮಾನ! ಕೊನೆಗೆ ಲೈಸೆನ್ಸಿನ ನೆಪ ಹೊಳೆಯಿತು. ಅದನ್ನು ಮೂರನೇ ದರ್ಜೆಗೆ ಏರಿಸಲು ಅವಳ ಸಹಿ ಬೇಕೆಂದು ಅರ್ಜಿಯ ಕಾಗದಗಳನ್ನು ಹಿಡಿದು ಹೊರಟ.

ತೆಲಿಗಿಯಲ್ಲಿ ಅತ್ತೆ ಮರುಳಸಿದ್ದಮ್ಮ ನೀರು ಕೊಟ್ಟು, "ಸೊರಗೀರಲ್ರಿ, ಅಳಿಯಂದ್ರ" ಎಂದಳು.

"ಕೆಲಸದ ಮ್ಯಾಲೆ ಬಂದೀನಿ" ಎಂದು ಬಿಗಿಯಾಗಿ ಕುಳಿತ.

ಕೊನೆಯ ಬಸ್ಸು ತಪ್ಪುವವರೆಗೆ ಮಾತು ಎಳೆಯಬೇಕು, ರಾತ್ರಿ ಉಳಿಯಬೇಕು, ಬೆಳಿಗ್ಗೆ ಇಬ್ಬರೂ ಹೊರಡಬೇಕು. ಇದು ಅವನ ಮಹಾಯೋಜನೆ. ಎದುರು ಬಂದು ಕುಳಿತ ಜಂಬಕ್ಕನಿಗೆ ಪಾಠ ಶುರು ಮಾಡಿದ.

"ನೋಡು, ನಾಲ್ಕನೇ ದರ್ಜೆ ಅಂದ್ರ ಸಣ್ಣ ಕೆಲಸ. ಮೂರಕ್ಕೇರಿದ್ರ ಅದಕ್ಕಿಂತ ದೊಡ್ಡದು. ಎರಡು ಅಂದ್ರ ಇನ್ನೂ ದೊಡ್ಡದು. ಒಂದನೇ ದರ್ಜೆಗೆ ಮಿತಿನ ಇಲ್ಲ, ಡ್ಯಾಮು ಬೇಕಾದ್ರೂ ಕಟ್ಟಬೌದು. ಕರೆಂಟಿನ ಕೆಲಸಕ್ಕ ಬ್ಯಾರೆ ಲೈಸೆನ್ಸು."

"ಗ್ವಾಡಿ ಕಟ್ಟಿದವ್ರು ವೈರು ಎಳಿಯಂಗಿಲ್ಲೇನು?"

"ಎಳಿಯಂಗಿಲ್ಲ! ಅದರ ಇಲಾಖೆನ ಬ್ಯಾರೆ."

ಜಂಬಕ್ಕ ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತಿದ್ದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. "ಮೂರನೇ ದರ್ಜೆಗೆ ಅರ್ಜಿ ಕೊಡಾಕ ಆಫೀಸಿಗೆ ನಾನ ಬರಬೇಕೇನ್ರಿ?"

ಓಬಳೇಶಪ್ಪನ ಎದೆ ಬಾ ಎಂದಿತು. ನಾಲಿಗೆ ಮಾತ್ರ ಹಳೆಯ ಗತ್ತಿನಲ್ಲೇ, "ನೀ ಯಾಕ? ಸಹಿ ಹಾಕು, ಸಾಕು. ಉಳಿದಿದ್ದು ನಾ ನೋಡ್ಕೊಂತೀನಿ" ಎಂದುಬಿಟ್ಟಿತು.

ಜಂಬಕ್ಕ ಒಂದು ಕ್ಷಣ ಅವನ ಮುಖ ನೋಡಿದಳು. ಕಾಗದಗಳನ್ನು ಎಳೆದುಕೊಂಡು ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಸಹಿ ಮಾಡಿದಳು; ಮುಂದೆ ಬೇಕಾದೀತೆಂದು ಒಂದಿಷ್ಟು ಖಾಲಿ ಹಾಳೆಗಳ ಮೇಲೂ ಹಾಕಿಕೊಟ್ಟಳು.

"ತಗೋರಿ. ಇನ್ನ ಇಲ್ಲೀತನಕ ಬರೋ ತ್ರಾಸಿಲ್ಲ. ಲಗೂನ ಹೊಂಡ್ರಿ, ಬಸ್ಸು ಸಿಗತೈತಿ."

ಎಂದೂ ಹೊತ್ತಿಗೆ ಸರಿಯಾಗಿ ಬಾರದ ಬಸ್ಸು ಅಂದು ಬಂದು ನಿಂತಿತ್ತು. ವರ್ಷಗಟ್ಟಲೆ ಸಾಲುವಷ್ಟು ಸಹಿಗಳನ್ನು ತೊಡೆಯ ಮೇಲಿಟ್ಟುಕೊಂಡು ಓಬಳೇಶಪ್ಪ ಕಿಟಕಿಗೆ ಒರಗಿದ. ಪಕ್ಕದ ಸೀಟು ಹರಪನಹಳ್ಳಿ ದಾಟಿದರೂ ಖಾಲಿಯೇ ಇತ್ತು.