ಹಾರ್ನ್ ಒತ್ತುವ ಹೊಟ್ಟೆ

ನಾನು ಕಂಡ ಹೊಟ್ಟೆಗಳಲ್ಲೆಲ್ಲ ದೊಡ್ಡದು ಒಬ್ಬ ಸಿಟಿ ಬಸ್ ಡ್ರೈವರನದು. ಬಸ್ಸು ಇನ್ನೂ ಡಿಪೋದಲ್ಲಿರುವಾಗಲೇ ಆ ಹೊಟ್ಟೆ ಮೊದಲ ಸ್ಟಾಪಿಗೆ ಬಂದು ನಿಂತಿರುತ್ತಿತ್ತು. ಅದರ ನೆರಳಿನಲ್ಲಿ ಇಬ್ಬರು ಹಣ್ಣು ಮಾರುತ್ತಿದ್ದರು. ಮಳೆ ಬಂದರೆ ಮೂರನೆಯವನಿಗೂ ಜಾಗವಿತ್ತು. ನಂಬದವರು ನಂಬಬೇಡಿ. ಆ ಹೊಟ್ಟೆಯೇನೂ ನಿಮ್ಮ ನಂಬಿಕೆಯ ಮೇಲೆ ಬೆಳೆದದ್ದಲ್ಲ.

ಇಂಥ ಹೊಟ್ಟೆ ಸ್ಟೇರಿಂಗಿನ ಮುಂದೆ ಕೂತರೆ ಏನಾಗಬೇಕೋ ಅದೇ ಆಯಿತು. ಹೆರಿಗೆ ಆಸ್ಪತ್ರೆಯ ತಿರುವಿನಲ್ಲಿ ಬಸ್ಸು ಹೊರಳಿದಾಗಲೆಲ್ಲ ಹೊಟ್ಟೆ ಹಾರ್ನಿನ ಮೇಲೆ ಬಿದ್ದು ‘ಪೋಂ... ಪೋಂ ಪೋಂ’ ಎನ್ನುತ್ತಿತ್ತು. ಅಲ್ಲಿ ಹಾರ್ನ್ ಮಾಡಬಾರದೆಂದು ಬೋರ್ಡೇ ಇತ್ತು. ಆಗ ತಾನೇ ಕಣ್ಣು ಮುಚ್ಚಿದ ಕೂಸುಗಳೆಲ್ಲ ಒಟ್ಟಿಗೆ ಎದ್ದು ರಾಗ ತೆಗೆಯುತ್ತಿದ್ದವು. ಆಸ್ಪತ್ರೆಯ ಎದುರು ಮನೆಯ ಮಹಡಿಯ ಕಿಟಕಿಯಲ್ಲಿ ಡ್ರೈವರನ ಹೆಂಡತಿ ಹೊಲಿಗೆ ಮಿಷನ್ ತುಳಿಯುತ್ತ ಕೂತಿರುತ್ತಿದ್ದಳು. ಹಾರ್ನ್ ಕೇಳಿದರೆ ತಲೆಯೆತ್ತಿ, ಕೈಗೆ ಸಿಕ್ಕ ಬಟ್ಟೆಯ ಚೂರನ್ನು ಒಮ್ಮೆ ಬೀಸುತ್ತಿದ್ದಳು. ಅಷ್ಟೇ. ಬಸ್ಸು ಮುಂದೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ, ಕುರ್ಚಿ ಬಿಟ್ಟು ಎದ್ದವರೇ ಅಲ್ಲದ ಡಿಪೋ ಮ್ಯಾನೇಜರ್ ಡ್ರೈವರನನ್ನು ಒಳಗೆ ಕರೆದರು.

“ಆಸ್ಪತ್ರೆಯೋರು ಮತ್ತೆ ದೂರು ಕೊಟ್ಟಿದ್ದಾರಪ್ಪ.”

“ನಾನೇನ್ ಮಾಡ್ಲಿ ಸಾರ್? ಕೈ ನನ್ನ ಮಾತು ಕೇಳತ್ತೆ. ಹೊಟ್ಟೆ ಕೇಳಲ್ಲ.”

“ಹಂಗಾದ್ರೆ ಇವತ್ತು ನಾಲ್ಕು ಗಂಟೆ ಟ್ರಿಪ್ಪಲ್ಲಿ ನಾನೇ ನಿನ್ನ ಬೆನ್ನಿಗೆ ಕೂರ್ತೀನಿ. ಒಂದು ಪೋಂ ಕೇಳಿಸ್ಲಿ, ನಾಳೆಯಿಂದ ನಿನಗೆ ಬೇರೆ ರೂಟು.”

ಡ್ರೈವರನ ಮುಖ ಗಾಳಿ ಹೋದ ಟೈರಿನಂತಾಯಿತು. ಬೇರೆ ರೂಟೆಂದರೆ ಆ ಕಿಟಕಿ ಇಲ್ಲ.

ಡಿಪೋ ತುಂಬ ಸಲಹೆಗಾರರು. ಮೆಕ್ಯಾನಿಕ್ ಸೀಟನ್ನು ಹಿಂದಕ್ಕೆ ತಳ್ಳಿದ. ಕಾಲು ಬ್ರೇಕಿಗೆ ಎಟುಕಲಿಲ್ಲ. ಕ್ಯಾಂಟೀನಿನಾಕೆ ಟವೆಲ್ಲಿನಿಂದ ಹೊಟ್ಟೆಯನ್ನು ಬಿಗಿದಳು. ಉಸಿರೆಳೆದೊಡನೆ ಟವೆಲ್ ಪಟಾರನೆ ಹರಿದು, ಅದರ ಒಂದು ಚೂರು ಪಕ್ಕದ ಊರಿನಲ್ಲಿ ಸಿಕ್ಕಿತು. ಕೊನೆಗೆ ಕಂಡಕ್ಟರ್ ತೋಳು ಹಿಡಿದೆಳೆದ.

“ಬಾರಣ್ಣ, ನನ್ನ ನಾದಿನಿ ಕೆಲಸ ಮಾಡೋ ಕ್ಲಿನಿಕ್ಕಲ್ಲಿ ಕೊಬ್ಬನ್ನ ಐಸ್ ಮಾಡಿ ಕರಗಿಸ್ತಾರೆ. ಕೊಯ್ಯಲ್ಲ, ಹೊಲಿಯಲ್ಲ.”

“ಐಸ್ ಮಾಡಿದ್ರೆ ಗಟ್ಟಿಯಾಗಲ್ವೇನೋ?”

“ನಿಂಗ್ಯಾಕೆ ಅದೆಲ್ಲ? ಮಲಗು ಅಂದ್ರೆ ಮಲಗು.”

ನಾದಿನಿ ಹೊಟ್ಟೆಯ ಮೇಲೆ ಪೆನ್ನಿನಿಂದ ಗಡಿ ಎಳೆದಳು. ಅರ್ಧಕ್ಕೇ ಇಂಕು ಮುಗಿದು ಇನ್ನೊಂದು ಪೆನ್ನು ತರಿಸಬೇಕಾಯಿತು. ತಣ್ಣನೆಯ ಜೆಲ್ ಹಾಸಿ, ಬಟ್ಟಲಿನಂಥದ್ದೊಂದನ್ನು ಇಟ್ಟು ಸ್ವಿಚ್ ಒತ್ತಿದಾಗ, ಹಸಿದ ಕರು ಕೆಚ್ಚಲಿಗೆ ಬಾಯಿ ಹಾಕಿದಂತೆ ಯಂತ್ರ ಹೊಟ್ಟೆಯನ್ನು ಎಳೆದುಕೊಂಡಿತು.

“ಅಯ್ಯಯ್ಯೋ, ಬಿಡ್ಸಮ್ಮಾ!”

“ಸ್ವಲ್ಪ ತಡ್ಕೊಳ್ಳಿ ಅಣ್ಣ. ಆಮೇಲೆ ಜೋಮು ಹಿಡಿಯತ್ತೆ, ಏನೂ ಗೊತ್ತಾಗಲ್ಲ.”

ಆಮೇಲೆ ನಿಜವಾಗಿಯೂ ಗೊತ್ತಾಗಲಿಲ್ಲ. ಹೊಟ್ಟೆ ಬೇರೆ ಯಾರದೋ, ತಾನು ಅದನ್ನು ಕಾಯಲು ಬಂದವನೋ ಎನ್ನಿಸಿತು. ಯಂತ್ರ ಬಿಟ್ಟಾಗ ಕೊಬ್ಬು ಬೆಣ್ಣೆಯ ಗಡ್ಡೆಯಂತೆ ಎದ್ದು ನಿಂತಿತ್ತು. ನಾದಿನಿ ಅದನ್ನು ತಿಕ್ಕಿ ತಿಕ್ಕಿ ಸಮ ಮಾಡಿದಳು.

“ಹೋಯ್ತಾಮ್ಮ?”

“ಎರಡು ಮೂರು ತಿಂಗಳಲ್ಲಿ ನಿಧಾನವಾಗಿ ಇಳಿಯತ್ತೆ. ಅದೂ ಸ್ವಲ್ಪ.”

“ತಿಂಗಳಾ! ನನ್ನ ಬಸ್ಸು ನಾಲ್ಕಕ್ಕೆ ಕಣಮ್ಮಾ!”

ನಾಲ್ಕಕ್ಕೆ, ಐಸ್ ಕ್ಲಿನಿಕ್ಕಿನ ಸುದ್ದಿ ಆಗಲೇ ಕಿವಿಗೆ ಬಿದ್ದಿದ್ದ ಮ್ಯಾನೇಜರ್ ಮೊದಲ ಸೀಟಿನಲ್ಲಿ ಕೂತು ಕೊಕ್ಕರೆಯಂತೆ ಕತ್ತು ಚಾಚಿದರು. ತಿರುವು ಬಂತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಮರೆತ. ಡ್ರೈವರ್ ಎರಡು ಕೈಯಲ್ಲೂ ಸ್ಟೇರಿಂಗನ್ನು ಅಪ್ಪಿ ಹಿಡಿದ.

ಪೋಂ ಇಲ್ಲ. ಕೂಸುಗಳು ನಿದ್ದೆ ಮಾಡಿದವು. ಮೇಲೆ ಕಿಟಕಿಯಲ್ಲಿ, ಬಗ್ಗಿದ ತಲೆ ಬಗ್ಗಿದಂತೆಯೇ ಇತ್ತು. ಬಸ್ಸು ಅವಳ ಕಣ್ಣ ಕೆಳಗೇ ಯಾರದೋ ಬಸ್ಸಿನಂತೆ ಸಾಗಿತು. ಡ್ರೈವರನ ಹೊಟ್ಟೆಗೆ ಜೋಮು ಹಿಡಿದಿತ್ತು, ನಿಜ. ಅದಕ್ಕಿಂತ ಒಂದು ಗೇಣು ಮೇಲೆ ಮಾತ್ರ ಚುರಕ್ಕೆಂದಿತು.

“ಭಲೇ!” ಮ್ಯಾನೇಜರ್ ಸೀಟಿನಿಂದ ಹಾರಿಯೇ ಬಿಟ್ಟರು. “ಹೊಟ್ಟೆಗೂ ಹಾರ್ನಿಗೂ ನಾಲ್ಕು ಬೆರಳು ಸಂದಿ! ಒಂದೇ ದಿನದಲ್ಲಿ! ಇಂಥ ಡ್ರೈವರಿಗೆ ಈ ಡಕೋಟ ಯಾಕಯ್ಯಾ? ನಾಳೆಯಿಂದ ಹೊಸ ಏಸಿ ಬಸ್ಸು ನಿಂದೇ. ಹೈವೇ ರೂಟು!”

ಆಮೇಲೆ ತಮ್ಮ ಹೊಟ್ಟೆಯನ್ನು ಸವರಿಕೊಳ್ಳುತ್ತ, “ಆ ಕ್ಲಿನಿಕ್ ಎಲ್ಲಿ ಬರತ್ತೆ?” ಎಂದು ಪಿಸುಗುಟ್ಟಿದರು.

ಹೈವೇಯಲ್ಲಿ ಎಲ್ಲ ಇದೆ. ಆ ಕಿಟಕಿ ಇಲ್ಲ.

ಹೀಗೆಂದು ನಾನು ಮನೆಗೆ ಬಂದ ನೆಂಟರ ಮುಂದೆ ಕತೆ ಮುಗಿಸಿ ಮೀಸೆ ತಿರುವುವಷ್ಟರಲ್ಲಿ, ಪಕ್ಕದಲ್ಲಿ ಹೊಲಿಗೆ ಮಿಷನ್ ಟಕ್ಕನೆ ನಿಂತಿತು.

“ಅಲ್ಲಾ ರೀ, ಹೊಟ್ಟೆ ಬಿದ್ರೆ ಒಂದು ಸಲ ಪೋಂ ಅನ್ನಬಹುದು. ಮೊದಲು ಒಂದು, ಆಮೇಲೆ ಒಂದು ಉಸಿರು ಬಿಟ್ಟು ಎರಡು, ದಿನಾ ಹಾಗೇ. ಇಷ್ಟು ತಾಳ ಬರೋ ಹೊಟ್ಟೆ ಯಾವುದ್ರೀ?”

ಸಿಕ್ಕಿಬಿದ್ದೆ. ಆ ಡ್ರೈವರ್ ನಾನೇ. ಹೊಟ್ಟೆ ಸುಮಾರಿನದು, ಅದರ ನೆರಳಿನಲ್ಲಿ ಒಂದು ನಿಂಬೆಹಣ್ಣೂ ನಿಲ್ಲದು. ಟವೆಲ್ ಮೊದಲೇ ಪಿಸಿದಿತ್ತು. ನಾಲ್ಕು ಬೆರಳಿನ ಸಂದಿ ಯಂತ್ರಕ್ಕಿಂತ ಮುಂಚಿನಿಂದಲೂ ಇತ್ತು. ಒತ್ತುತ್ತಿದ್ದುದು ನನ್ನ ಕೈ. ಹೆಂಡತಿ ತಲೆಯೆತ್ತಲಿ ಅಂತ ಒತ್ತುತ್ತೀನಿ ಎಂದು ಮ್ಯಾನೇಜರಿಗೆ ಹೇಳಲು ನಾಚಿಕೆಯಾಗಿ ಹೊಟ್ಟೆಯ ಮೇಲೆ ಹಾಕಿದೆ. ಏನೂ ಮಾಡಿಸದೆ ಹಾರ್ನ್ ನಿಂತರೆ ಸುಳ್ಳು ಬಯಲಾಗುತ್ತಿತ್ತು. ಅದಕ್ಕೇ ಆ ಐಸು.

ಅವಳು ಎದ್ದು ಬಂದು, ನೆಂಟರ ಮುಂದೆಯೇ, ಅಂಗಿಯ ಮೇಲಿಂದಲೇ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು.

“ಇನ್ನೂ ಜೋಮಿದ್ಯಾ?”

“ಏನೂ ಗೊತ್ತಾಗ್ತಿಲ್ಲ ಕಣೇ. ಇನ್ನೊಂಚೂರು ಇಟ್ಕೊಂಡಿರು,” ಎಂದೆ.

ಅದೂ ಸುಳ್ಳು.