ಪ್ರೆಶರ್ ಇಳಿಸಲು ಹೊರಟ ಬಣ್ಣದ ಡಬ್ಬಿ

ಆ ಶನಿವಾರವೂ ಎಲ್ಲ ದಿನಗಳ ಹಾಗೇ ಬೆಳಗಾಯಿತು. ಹಾಲಿನ ಪ್ಯಾಕೆಟ್ ಕತ್ತರಿಸಿದೆ. ಡಿಕಾಕ್ಷನ್ ಇಳಿಯಲೆಂದು ಫಿಲ್ಟರಿನ ತಲೆ ತಟ್ಟಿದೆ. ಬ್ಯಾಂಕಿಗೆ ಹೊರಟ ನಮ್ಮವರ ಒಂಟಿ ಕಾಲುಚೀಲವನ್ನು ಸೋಫಾದ ಕೆಳಗಿನಿಂದ ಎಳೆದುಕೊಟ್ಟೆ. ವ್ಯತ್ಯಾಸವೆಂದರೆ, ಅಂದು ಉಪ್ಪಿಟ್ಟಿನ ಜೊತೆ ಒಂದು ಘೋಷಣೆಯನ್ನೂ ಬಡಿಸಿದೆ.

"ರೀ, ನಾನಿವತ್ತು ಋಷಿಕೊಂಡ ಬೀಚಿಗೆ ಹೋಗಿ ಚಿತ್ರ ಬಿಡಿಸ್ತೀನಿ."

ವಿಷಯ ಗಂಭೀರವಾದದ್ದೇ. ನನ್ನ ಬಿ.ಪಿ. ಗಡಿಯ ಮೇಲೆ ನಿಂತಿತ್ತು. "ಪ್ರಕೃತಿಯ ನಡುವೆ ಕೂತ್ಕೊಳ್ಳಿ, ಮನಸ್ಸಿಗೆ ಹಿಡಿಸಿದ್ದು ಮಾಡಿ. ಶನಿವಾರ ಸಂಜೆಗೂ ಇಳೀದಿದ್ರೆ ಮಾತ್ರೆ" ಎಂದಿದ್ದರು ಡಾಕ್ಟರು. ಅಮ್ಮನ ದಿಂಬಿನ ಪಕ್ಕ ಜೀವನವಿಡೀ ಕೂತಿದ್ದ ಮಾತ್ರೆ ಡಬ್ಬಿಯನ್ನು ನೋಡುತ್ತಲೇ ಬೆಳೆದವಳು ನಾನು. ನನಗೆ ಅದು ಬೇಡವೇ ಬೇಡ. ಆದರೆ ವಾರವಿಡೀ ಪ್ರಕೃತಿಗೆ ಪುರುಸೊತ್ತಾಗಲಿಲ್ಲ. ಹಾಗಾಗಿ ಒಂದೇ ಬೆಳಗಿನಲ್ಲಿ ಅಷ್ಟೂ ಶಾಂತಿಯನ್ನು ಪಡೆದುಬಿಡುವುದೆಂದು ತೀರ್ಮಾನಿಸಿದ್ದೆ.

"ಹೋಗು ಹೋಗು" ಎಂದರು ನಮ್ಮವರು. "ನನ್ನ ಪ್ರೆಶರ್ರೂ ಸ್ವಲ್ಪ ಇಳಿಯುತ್ತೆ."

ಆಟೋ ಹಿಡಿದು ಹೋದೆ. ಮರಳಿನ ಮೇಲೆ ಮಡಚುವ ಸ್ಟೂಲ್ ಇಟ್ಟು, ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ ಕೂತೆ. ನೀಲಿ ಬಳಿದರೆ ಸಮುದ್ರವಾಯಿತು, ಇನ್ನಷ್ಟು ನೀರು ಬೆರೆಸಿದರೆ ಆಕಾಶವಾಯಿತು. ಚಿತ್ರಕ್ಕೆ ಜೀವ ಬರಲೆಂದು, ದೂರದಲ್ಲಿ ಬಲೆ ಎಳೆಯಲು ಸಾಲಾಗಿ ನಿಲ್ಲುತ್ತಿದ್ದ ಬೆಸ್ತರನ್ನು ಕಂದು ಬಣ್ಣದ ಚುಕ್ಕಿಗಳಾಗಿ ಇಟ್ಟೆ. ಚುಕ್ಕಿಗಳು ನನ್ನತ್ತ ಕೈಬೀಸಿ ಕೂಗಿದವು. ಎಂಥ ಸ್ನೇಹಮಯಿ ಜನ! ನಾನೂ ಬ್ರಷ್ ಎತ್ತಿ ಬೀಸಿದೆ.

ಅವರು ಕೂಗುತ್ತಿದ್ದದ್ದು 'ಮೇಲೇಳು' ಎಂದು. ಮರಳಿನಲ್ಲಿ ಅರ್ಧ ಹೂತಿದ್ದ ಬಲೆಯ ಹಗ್ಗದ ಮೇಲೆಯೇ ನಾನು ಸ್ಟೂಲ್ ಹೂಡಿದ್ದೆ. ಹಗ್ಗ ಬಿಗಿಯಾಯಿತು. ಮೇಲೆದ್ದಿತು. ನಾನು, ಸ್ಟೂಲು, ಆಕಾಶ, ಸಮುದ್ರ ಎಲ್ಲ ಒಂದೇ ಕಡೆ ಬಿದ್ದೆವು!

ಬುಟ್ಟಿ ಹಿಡಿದ ಹೆಂಗಸೊಬ್ಬಳು ಓಡಿಬಂದು, ನನ್ನ ರೆಟ್ಟೆ ಹಿಡಿದು ಎಬ್ಬಿಸಿದಳು. ಹೆಸರು ನೂಕಮ್ಮ. "ಏನಮ್ಮಾ, ಇಷ್ಟು ದೊಡ್ಡ ದಡದಲ್ಲಿ ಕೂರೋಕೆ ನಮ್ಮ ಹಗ್ಗವೇ ಬೇಕಿತ್ತಾ? ಅಡ್ಡ ಬಿದ್ದಾಯ್ತಲ್ಲ, ಈಗ ಒಂದು ಕೈ ಹಾಕು!" ಎಂದು ತೆಲುಗಿನಲ್ಲಿ ಗದರಿ, ಹಗ್ಗವನ್ನು ಕೈಗಿತ್ತಳು. ಯಾರಾದರೂ ಕೆಲಸ ಹೇಳಿದರೆ ಇಲ್ಲವೆನ್ನುವುದನ್ನು ನನಗೆ ಯಾವ ಶಾಲೆಯೂ ಕಲಿಸಿಲ್ಲ. ಎಳೆದೆ. ಅಂಗೈ ಕೆಂಪಗಾಯಿತು, ಸೊಂಟ ಸದ್ದು ಮಾಡಿತು. ನನ್ನ ಚಿತ್ರದ ಚುಕ್ಕಿಗಳಿಗೆ ಬೆವರೂ ಬರುತ್ತದೆಂದು ಆಗ ತಿಳಿಯಿತು.

ಬಲೆ ದಡಕ್ಕೆ ಬಂತು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಕೊಡುವುದು ಅಲ್ಲಿನ ಪದ್ಧತಿ. ನೂಕಮ್ಮ ನನ್ನ ಕಸೂತಿ ಚೀಲಕ್ಕೆ, ಬಣ್ಣದ ಡಬ್ಬಿಯ ಮೇಲೆ, ಬೊಗಸೆ ತುಂಬ ಮೀನು ಸುರಿದಳು.

"ಅಯ್ಯೋ, ನಾವು ತಿನ್ನಲ್ಲ ಕಣಮ್ಮಾ!"

ಇದು ಮರ್ಯಾದಸ್ಥ ಹೆಂಗಸರ ಸಂಕೋಚವೆಂದು ಅವಳು ಭಾವಿಸಿದಳು. ಇನ್ನೊಂದು ಬೊಗಸೆ ಸುರಿದಳು!

ವಾಪಸು ಬರುವಾಗ ಆಟೋದವನಿಗೇ ಕೊಟ್ಟುಬಿಡೋಣವೆಂದರೆ, ಅವನ ಕೊರಳಲ್ಲಿ ಅಯ್ಯಪ್ಪನ ಮಾಲೆ. ನಮ್ಮ ಎಂವಿಪಿ ಕಾಲೋನಿ ಬರುವವರೆಗೂ ಚೀಲವನ್ನು ನನ್ನಿಂದ ಆಟೋದ ಹೊರಗೆ ಹಿಡಿಸಿಕೊಂಡೇ ಬಂದ ಪುಣ್ಯಾತ್ಮ!

ಈಗ ಪಕ್ಕದ ಮನೆಯ ಪದ್ಮಾ ಅವರ ಬಗ್ಗೆ, ತೆಲುಗಿನ ಮರ್ಯಾದೆಯಲ್ಲಿ ಪದ್ಮಾ ಗಾರು ಬಗ್ಗೆ, ಹೇಳಬೇಕು. ಹಣೆಯಲ್ಲಿ ಕಾಸಿನಗಲ ಕುಂಕುಮ, ಶನಿವಾರ ವೆಂಕಟೇಶ್ವರನ ಉಪವಾಸ. ನಮ್ಮವರಿಗೆ ವರ್ಗವಾಗಿ ವಿಜಯವಾಡದಿಂದ ನಾವು ಇಲ್ಲಿಗೆ ಬಂದ ದಿನವೇ ನಾನು ಅವರ ಮುಂದೆ, "ನಾವು ಶುದ್ಧ ಸಸ್ಯಾಹಾರಿಗಳು, ನಿಮ್ಮಂಥವರು ಪಕ್ಕದಲ್ಲಿರೋದು ನಮ್ಮ ಪುಣ್ಯ" ಎಂದು ಸಾರಿದ್ದೆ. ಅವರು ಮುಗುಳ್ನಕ್ಕಿದ್ದರು. ಬಿ.ಪಿ. ಮಿಷನ್ ಇರುವುದೂ ಅವರ ಮನೆಯಲ್ಲೇ. ದಿನಾ ಸಂಜೆ ನನ್ನ ತೋಳಿಗೆ ಪಟ್ಟಿ ಕಟ್ಟುವವರೂ ಅವರೇ.

ಅವರಿಗೆ ವಾಸನೆ ಹೋಗಬಾರದೆಂದು ಚೀಲವನ್ನು ಬಾಲ್ಕನಿಯ ಬಕೆಟ್ಟಿನಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿದೆ. ಕೈ ತೊಳೆದು ಬರುವಷ್ಟರಲ್ಲಿ ಕಾಗೆ ತಟ್ಟೆ ಸರಿಸಿತ್ತು! ಒಂದು ಮೀನನ್ನು ಕಚ್ಚಿಕೊಂಡು ಹಾರಿ, ಪಕ್ಕದ ಬಾಲ್ಕನಿಯ ಕಟ್ಟೆಯ ಮೇಲೆ ಒಣಗುತ್ತಿದ್ದ ಪದ್ಮಾ ಗಾರು ಅವರ ಸಂಡಿಗೆಯ ನಟ್ಟನಡುವೆ ಇಟ್ಟಿತು. ನಾನು ಬಟ್ಟೆ ಒಣಹಾಕುವ ಕೋಲು ಚಾಚಿ ಮೀನನ್ನು ಮೆಲ್ಲಗೆ ಎಳೆದೆ. ಮೀನು ಜಾರಿ ಅವರ ಬಾಲ್ಕನಿಯಲ್ಲೇ ಉಳಿಯಿತು. ಸಂಡಿಗೆ ಮಾತ್ರ ಮೊರದ ಸಮೇತ ಕೆಳಗಿನ ಪಾರ್ಕಿಂಗ್ ಸೇರಿತು!

ಉಳಿದ ಮೀನನ್ನು ಕಾಂಪೌಂಡಿನ ಬೆಕ್ಕುಗಳಿಗೆ ಸುರಿದು ಬಂದು, ಮನೆಯಲ್ಲಿದ್ದ ಅಷ್ಟೂ ಊದಿನಕಡ್ಡಿ ಹಚ್ಚಿದೆ. ಸಂಜೆ ನಮ್ಮವರು ಬಾಗಿಲಲ್ಲೇ ಕೆಮ್ಮಿದರು.

"ಏನೇ, ಸತ್ಯನಾರಾಯಣ ಪೂಜೆನಾ?"

"ಇಲ್ಲ, ಶಾಂತಿ."

"ಶಾಂತಿಯಿಂದ ಮೀನಿನ ವಾಸನೆ ಬರ್ತಿದೆಯಲ್ಲ?"

ಅಷ್ಟರಲ್ಲಿ ಪದ್ಮಾ ಗಾರು ಮಿಷನ್ ಹಿಡಿದು ಬಂದರು. ನಾನು ತೋಳು ಚಾಚಿ ಕಣ್ಣು ಮುಚ್ಚಿದೆ. ಸಮುದ್ರವನ್ನು ನೆನೆದೆ, ನೂಕಮ್ಮ ಕಂಡಳು. ಆಕಾಶವನ್ನು ನೆನೆದೆ, ಕಾಗೆ ಕಂಡಿತು. ಮಿಷನ್ ಕೂಗಿತು. ಅಂಕಿ ವಾರದಲ್ಲೇ ಕಾಣದಷ್ಟು ಮೇಲೆ!

"ಇನ್ನು ಮಾತ್ರೆ ತಪ್ಪಿದ್ದಲ್ಲ ಅಂಡಿ" ಎಂದು ತೆಲುಗಿನ 'ರೀ' ಸೇರಿಸಿ ಹೇಳಿದರು ಪದ್ಮಾ ಗಾರು.

ಹೇಗೂ ಎಲ್ಲ ಮುಗಿಯಿತಲ್ಲ ಎಂದು ಒಪ್ಪಿಕೊಂಡುಬಿಟ್ಟೆ. "ಆ ಮೀನು ನಮ್ಮ ಬಾಲ್ಕನಿಯದ್ದೇ. ಸಂಡಿಗೆ ಬೀಳಿಸಿದ್ದೂ ನಾನೇ."

"ನೋಡಿದೆ ಬಿಡಿ, ಕೋಲು ನಿಮ್ಮದೇ ಇತ್ತು" ಎನ್ನುತ್ತಾ ಅವರು ಪಟ್ಟಿ ಸುತ್ತಿಟ್ಟುಕೊಂಡರು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ, ನಾಳೆ ಹಾಲು ಬೇಗ ಬರುತ್ತದೆ ಎಂಬಷ್ಟೇ ಸಲೀಸಾಗಿ ಹೇಳಿದರು:

"ಒಳ್ಳೇದಾಯ್ತು ಬಿಡಿ. ನೀವು ಬಂದಾಗಿನಿಂದ ನಿಮ್ಮ ಮುಲಾಜಿಗೆ ಪ್ರತಿ ಭಾನುವಾರ ಕಿಟಕಿ ಮುಚ್ಚಿಕೊಂಡು ಮೀನು ಸಾರು ಮಾಡ್ತಿದ್ವಿ. ನಾಳೆಯಿಂದ ತೆಗೆದೇ ಮಾಡ್ತೀನಿ ಅಂಡಿ, ಸೆಕೆಗೆ ನನ್ನ ಬಿ.ಪಿ. ಏರ್ತಿತ್ತು."