ಮಾವನವರ ಮುಂದಿನ ಶತಮಾನ

ನನ್ನ ಹೆಂಡತಿ ಮಾತಾಡುವುದು ಗೋಡೆಯೊಂದಿಗೆ. "ಊಟಕ್ಕೆ ಬರೋರು ಬರಬಹುದು" ಎಂದು ಗೋಡೆಗೆ ಹೇಳುತ್ತಾಳೆ. ನಾನು ಹೋಗಿ ಉಣ್ಣುತ್ತೇನೆ. "ಹಾಲು ತರೋರು ಇನ್ನೂ ಪೇಪರ್ ಓದ್ತಿದಾರೆ" ಎಂದು ಗೋಡೆಗೆ ಚಾಡಿ ಹೇಳುತ್ತಾಳೆ. ನಾನು ಚೀಲ ಹಿಡಿದು ಓಡುತ್ತೇನೆ. ಇದಕ್ಕೆಲ್ಲ ಮೂಲ ಒಂದು ಮೋಟಾರ್ ಸೈಕಲ್ಲು.

ಆ ಗಾಡಿಯ ಚರಿತ್ರೆ ಸ್ವಲ್ಪ ಕೇಳಿ. ನಾನು ಷೋರೂಮಿನಲ್ಲಿ ಸೇಲ್ಸ್‌ಮನ್. ಕಂಪನಿಯವರಿಗೆ ಒಮ್ಮೆ 'ಮುಂದಿನ ಶತಮಾನದ ಗಾಡಿ' ಮಾಡುವ ಹುಕಿ ಬಂತು. ವಿಮಾನ ಬರೆಯಲು ಕುಳಿತವನು ಅರ್ಧದಲ್ಲೇ ನಿದ್ದೆ ಹೋದಂತಿತ್ತು ಅದರ ವಿನ್ಯಾಸ. ಎಂಜಿನ್ನು, ಚಕ್ರ, ಸವಾರನ ಮೊಣಕಾಲು, ಎಲ್ಲವೂ ಬೆಳ್ಳಿ ಬಣ್ಣದ ಫೈಬರ್ ಕವಚದೊಳಗೆ ಅಂತರ್ಧಾನ! ಪತ್ರಿಕೆಗಳು ಹಾಡಿ ಹೊಗಳಿದವು. ಜನ ಬಂದರು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಮಾಮೂಲಿ ಗಾಡಿ ಕೊಂಡು ಹೋದರು. ಪ್ಲಗ್ ನೋಡಬೇಕೆಂದರೂ ಕವಚ ಪೂರ್ತಿ ಬಿಚ್ಚಬೇಕೆಂದು ಮೆಕ್ಯಾನಿಕ್‌ಗಳು ಕೈಮುಗಿದರು. ಎರಡೇ ವರ್ಷದಲ್ಲಿ ಕಂಪನಿ ಶತಮಾನ ಮುಗಿಸಿ ಕೈತೊಳೆದುಕೊಂಡಿತು.

ನಮ್ಮಲ್ಲಿ ಒಂದು ಉಳಿದಿತ್ತು. "ಇದು ಹೋಗ್ಬೇಕು, ಇಲ್ಲ ನೀನು ಹೋಗ್ಬೇಕು" ಎಂದರು ಮಾಲೀಕರು. ನನಗೆ ಥಟ್ಟನೆ ನೆನಪಾದವರು ಮಾವನವರು. (ನನ್ನ ಮಾತನ್ನು ವೇದವಾಕ್ಯ ಎಂದುಕೊಂಡಿದ್ದವರು ಲೋಕದಲ್ಲಿ ಅವರೊಬ್ಬರೇ.)

ಕೊಂಡರು. ಅಷ್ಟು ದೊಡ್ಡ ಕವಚ, ಗಾಳಿಗೆ ಹಾಯಿಯಿದ್ದಂತೆ. ಸೇತುವೆಯ ಮೇಲೆ ಅಡ್ಡಗಾಳಿ ಬೀಸಿದ್ದೇ ತಡ, ಗಾಡಿ ಮಾವನವರ ಸೊಂಟದ ಮೇಲೆ ಮಲಗಿತು. ಅದಕ್ಕೆ ಒಂದು ಗೀರೂ ಬೀಳಲಿಲ್ಲ. ಅಂದಿನಿಂದ ಅವರು ನಮ್ಮ ನಡುಮನೆಯ ಮಂಚದಲ್ಲಿ, ಗಾಡಿ ಕಿಟಕಿಯಾಚೆ, ಹೆಂಡತಿ ಗೋಡೆಯ ಕಡೆ.

ಮಲಗಿದವರು ಏಳಲಿಲ್ಲ. ಬೆನ್ನಿಗೆ ಹುಣ್ಣಾಯಿತು, ಆಮೇಲೆ ಜ್ವರ, ಆಮೇಲೆ ಉಸಿರಿಗೂ ಕಷ್ಟ. ಡಾಕ್ಟರು ಔಷಧಿ ಬರೆಯುವುದನ್ನು ನಿಲ್ಲಿಸಿದ ದಿನ ನನಗೆ ನಿಜವಾಗಿ ಭಯವಾಯಿತು. ಮಾವನವರು ಕ್ಷಮಿಸದೆ ಹೋದರೆ ಇವಳು ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ.

ಸಂಜೆ ಕರೆದರು. ಹೆಂಡತಿ ನೀರಿನ ಚಮಚ ಹಿಡಿದು ಪಕ್ಕದಲ್ಲೇ ಇದ್ದಳು.

"ಅಳಿಯಂದ್ರೇ, ಜೀವಮಾನವೆಲ್ಲ ಗುಮಾಸ್ತಗಿರಿ ಮಾಡ್ದೆ. ಒಂದು ನಾಯಿನೂ ಮೂಸಿ ನೋಡ್ಲಿಲ್ಲ. ಅದರ ಮೇಲೆ ಕೂತೆ ನೋಡಿ, ಬಸ್ಸು ನಿಲ್ಲಿಸಿ ನೋಡಿದ್ರು ಜನ! ನಿಮ್ಮ ಉಪಕಾರ."

ನಾನು ಬಿಕ್ಕಿ ಬಿಕ್ಕಿ ಅತ್ತೆ. ಹೆಂಡತಿಯ ಕಣ್ಣೂ ತೇವವಾಯಿತು. ಗೋಡೆ ಬಿಟ್ಟು ಅರ್ಧ ಈ ಕಡೆ ತಿರುಗಿದಳು.

"ನಾನು ಹೋದ್ಮೇಲೆ ಅದು ನಿಮಗೇ. ದಿನಾ ಅದರಲ್ಲೇ ಓಡಾಡ್ಬೇಕು ನೀವು."

"ಅಯ್ಯಯ್ಯೋ, ಬೇಡ ಮಾವ! ಗಾಳಿ ಬಂದ್ರೆ ಬೀಳುತ್ತೆ ಅದು!"

ಹೆಂಡತಿ ಪೂರ್ತಿ ತಿರುಗಿದಳು.

"ಅಪ್ಪನಿಗೆ ಮಾರೋವಾಗ ಗಾಳಿ ಇರ್ಲಿಲ್ವಾ?"

ಬೆಳಗಾಗುವುದರೊಳಗೆ ಮಾವನವರು ಹೋದರು. ಸತ್ತವರ ಮಾತು ಮೀರುವಂತಿಲ್ಲ. ಈಗ ದಿನವೂ ಅದೇ ಗಾಡಿಯಲ್ಲಿ, ಅದೇ ಸೇತುವೆ ದಾಟಿ ಕೆಲಸಕ್ಕೆ ಹೋಗುತ್ತೇನೆ. ಮನೆಯಲ್ಲಿ ಮಾತುಕತೆ ಮತ್ತೆ ಗೋಡೆಯೊಂದಿಗೇ. ಜೋರಾಗಿ ಗಾಳಿ ಬೀಸುವ ದಿನ ಮಾತ್ರ ಅವಳು ಕೀಲಿಕೈ ಹಿಡಿದು ಬಾಗಿಲಿಗೆ ಬರುತ್ತಾಳೆ, ನನ್ನ ಮುಖವನ್ನೇ ನೋಡಿ ಬಾಯ್ತುಂಬ ಹೇಳುತ್ತಾಳೆ:

"ಹೊತ್ತಾಯ್ತು ರೀ, ಹೊರಡಿ."